ಅಮ್ಮನವರ ಮುಂದೆ ಕೈಮುಗಿದು ನಿಂತ ದೊರೆ
ಶ್ರೀ ಮುಮ್ಮಡಿ ಕೃಷ್ಣರಾಜ ಒಡೆಯರವರ ಜೀವನ ಚರಿತ್ರೆ

ಶ್ರೀ ಚಾಮುಂಡೇಶ್ವರಿ ಅಮ್ಮನವರ ದರ್ಶನಕ್ಕೆ ಬರುವ ಭಕ್ತಾದಿಗಳು ಸಾಮಾನ್ಯವಾಗಿ ಮಹಿಷಾಸುರನ ಪ್ರತಿಮೆ, ಏಳು ಅಂತಸ್ತಿನ ಗೋಪುರ, ಇಳಿಯುವಾಗ ದೊಡ್ಡ ನಂದಿ, ಇಷ್ಟನ್ನು ನೋಡಿಕೊಂಡು ಹೊರಡುತ್ತಾರೆ. ದೇವಾಲಯದ ಒಳಗಡೆ ಅಮ್ಮನವರಿಗೆ ಎದುರಾಗಿ ಕೈಮುಗಿದು ನಿಂತಿರುವ ಒಬ್ಬ ದೊರೆಯ ವಿಗ್ರಹವಿದೆ. ಸುಮಾರು ಆರು ಅಡಿ ಎತ್ತರ. ಅಕ್ಕಪಕ್ಕದಲ್ಲಿ ಮೂವರು ರಾಣಿಯರು. ಸರದಿಯ ನೂಕುನುಗ್ಗಲಿನಲ್ಲಿ ಬಹಳ ಜನ ಇದನ್ನು ಯಾವುದೋ ದೇವರ ಮೂರ್ತಿ ಅಂತ ತಿಳಿದು ನಮಸ್ಕಾರ ಮಾಡಿ ಮುಂದೆ ಹೋಗಿಬಿಡುತ್ತಾರೆ. ಅದು ಮೈಸೂರಿನ ಮಹಾರಾಜರಾದ ಮುಮ್ಮಡಿ ಶ್ರೀ ಕೃಷ್ಣರಾಜ ಒಡೆಯರವರ ವಿಗ್ರಹ. ಪಕ್ಕದಲ್ಲಿರುವವರು ರಮಾವಿಲಾಸ, ಲಕ್ಷ್ಮೀವಿಲಾಸ ಮತ್ತು ಕೃಷ್ಣವಿಲಾಸ ಸನ್ನಿಧಾನದವರು. ಪೀಠದ ಮೇಲೆ ಅವರವರ ಹೆಸರನ್ನು ಕೆತ್ತಿದ್ದಾರೆ.

ಬೆಟ್ಟದ ಸಾವಿರ ಮೆಟ್ಟಿಲುಗಳನ್ನೂ ನಂದಿಯನ್ನೂ ಮಾಡಿಸಿದವರು ದೊಡ್ಡ ದೇವರಾಜ ಒಡೆಯರು (1659-1673). ಇಂದು ಕಾಣುವ ಗೋಪುರವನ್ನು ಕಟ್ಟಿಸಿ, 1827ರಲ್ಲಿ ದೇವಾಲಯದ ಜೀರ್ಣೋದ್ಧಾರ ಮಾಡಿಸಿದವರು ಈ ಮುಮ್ಮಡಿ ಕೃಷ್ಣರಾಜರು. ಅಮ್ಮನವರಿಗೆ ಸಿಂಹವಾಹನ ಮೊದಲಾದ ವಾಹನಗಳನ್ನೂ, ಸಂಸ್ಕೃತ ಶ್ಲೋಕಗಳನ್ನು ಕೆತ್ತಿದ ನಕ್ಷತ್ರಮಾಲಿಕೆ ಎಂಬ ಚಿನ್ನದ ಒಡವೆಯನ್ನೂ ಒಪ್ಪಿಸಿದವರು ಅವರೇ. ಇಷ್ಟೆಲ್ಲ ಕೊಟ್ಟ ದೊರೆಗೆ ತಮ್ಮ ಬಾಳಿನ ಕೊನೆಯ ಮೂವತ್ತಾರು ವರ್ಷ ರಾಜ್ಯವನ್ನು ಆಳುವ ಅಧಿಕಾರವೇ ಇರಲಿಲ್ಲ. ತಮ್ಮ ನಂತರ ಮೈಸೂರು ಎಂಬ ರಾಜ್ಯವೇ ಉಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ಅವರ ಮುಪ್ಪು ಕಳೆಯಿತು. ಆ ಕಥೆ ಭಕ್ತಾದಿಗಳಿಗೆ ತಿಳಿದಿರಬೇಕು.

ಬಾಲ್ಯ ಮತ್ತು ಪಟ್ಟ

ಕೃಷ್ಣರಾಜರು ಹುಟ್ಟಿದ್ದು 1794ನೇ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಆಗ ಆಡಳಿತವೆಲ್ಲ ಟಿಪ್ಪು ಸುಲ್ತಾನರದು. ಒಡೆಯರ ಮನೆತನಕ್ಕೆ ಹೆಸರು ಮಾತ್ರ ಇತ್ತು. 1796ರಲ್ಲಿ ತಂದೆ ಸಿಡುಬಿನಿಂದ ತೀರಿಕೊಂಡರು. ಆಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಟಿಪ್ಪು ಮತ್ತೊಬ್ಬ ಒಡೆಯರಿಗೆ ಪಟ್ಟ ಕಟ್ಟಲಿಲ್ಲ. ರಾಜಮನೆತನದವರು ಅರಮನೆ ಬಿಟ್ಟು ಸಾಮಾನ್ಯ ಮನೆಯೊಂದರಲ್ಲಿ ದಿನ ದೂಡಬೇಕಾಯಿತು.

ಆ ಕಷ್ಟದಲ್ಲಿ ಮಗುವನ್ನು ಕಾಪಾಡಿದವರು ಅಜ್ಜಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯಾದ ಈ ತಾಯಿ ಎಷ್ಟೋ ವರ್ಷಗಳಿಂದ ಪ್ರಧಾನ ತಿರುಮಲರಾವ್ ಅವರ ಮೂಲಕ ಮದರಾಸಿನ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದ್ದರು. ಸಿಕ್ಕಿಬಿದ್ದರೆ ತಲೆ ಹೋಗುವ ಕೆಲಸ ಅದು. ಗಂಡಸರು ಹಿಂಜರಿಯುವಂಥ ಕೆಲಸವನ್ನು ಅವರು ಒಳಮನೆಯಲ್ಲಿ ಕೂತು ಮಾಡಿದರು. ಇವರಿಗೆ ಸಲ್ಲಬೇಕಾದಷ್ಟು ಹೆಸರು ಇನ್ನೂ ಸಂದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಯುದ್ಧದಲ್ಲಿ ಮಡಿದರು. ಇಂಗ್ಲಿಷರು ರಾಜ್ಯದ ಭಾಗಗಳನ್ನು ತಾವೂ ನಿಜಾಮರೂ ಹಂಚಿಕೊಂಡು, ಉಳಿದದ್ದನ್ನು ಒಡೆಯರಿಗೆ ಕೊಡುವುದೆಂದು ತೀರ್ಮಾನಿಸಿದರು. ಅದೇ ಜೂನ್ 30ರಂದು ಮೈಸೂರಿನ ಲಕ್ಷ್ಮೀರಮಣಸ್ವಾಮಿ ದೇವಸ್ಥಾನದ ಪಕ್ಕದಲ್ಲಿ ಚಪ್ಪರ ಹಾಕಿ ಐದು ವರ್ಷದ ಬಾಲಕನಿಗೆ ಪಟ್ಟ ಕಟ್ಟಿದರು. ಮೈಸೂರಿನ ಹಳೇ ಅರಮನೆಯನ್ನು ಟಿಪ್ಪು ಕಾಲದಲ್ಲಿ ಕೆಡವಿದ್ದರಿಂದ ಚಪ್ಪರವೇ ಗತಿಯಾಯಿತು. ಮುಂದೆ ನೆಪೋಲಿಯನ್‌ನನ್ನು ಸೋಲಿಸಿ ಹೆಸರಾದ ವೆಲ್ಲಿಂಗ್ಟನ್ ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ರಾಜ್ಯದ ಏರ್ಪಾಡು ಮಾಡಿದ ಕಮಿಷನರುಗಳಲ್ಲಿ ಅವರೂ ಒಬ್ಬರು.

ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಪ್ಪ ಕೊಡಬೇಕು. ಈ ಹಣ ನಿಂತುಹೋಗುತ್ತದೆ ಎಂಬ ಅನುಮಾನ ಬಂದರೆ ಕಂಪನಿಯವರು ರಾಜ್ಯದ ಆಡಳಿತವನ್ನು ತಾವೇ ವಹಿಸಿಕೊಳ್ಳಬಹುದು ಎಂಬ ಒಂದು ಷರತ್ತನ್ನೂ ಅದರಲ್ಲಿ ಸೇರಿಸಿದ್ದರು. ಐದು ವರ್ಷದ ದೊರೆಗೆ ಅದೆಲ್ಲ ಏನು ಗೊತ್ತು! ಮುಂದೆ ಅವರ ಕೊರಳಿಗೆ ಸುತ್ತಿಕೊಂಡಿದ್ದು ಅದೇ ಷರತ್ತು.

ದೊರೆ ದೊಡ್ಡವರಾಗುವ ತನಕ ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದರು. ಅವರು ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ ಉಳಿಸಿದ್ದರು ಅಂತ ಹೇಳುತ್ತಾರೆ. 1810ರಲ್ಲಿ ಅಜ್ಜಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರ ಬಿಟ್ಟು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಕಾಲವಾದರು. ಹದಿನಾರು ಹದಿನೇಳರ ಯುವಕನ ಕೈಗೆ ತುಂಬಿದ ಖಜಾನೆ ಬಂತು. ಬುದ್ಧಿ ಹೇಳುವ ಹಿರಿಯರು ಇಬ್ಬರೂ ಇಲ್ಲವಾದರು.

ಇಪ್ಪತ್ತು ವರ್ಷದ ಆಳ್ವಿಕೆ

ಕೃಷ್ಣರಾಜರು ಕೈ ಬಿಚ್ಚಿ ಕೊಡುವ ದೊರೆ. ಪಂಡಿತರು, ಸಂಗೀತಗಾರರು, ಚಿತ್ರಗಾರರು, ಶಿಲ್ಪಿಗಳು, ಯಾರು ಬಂದರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ದೇವಸ್ಥಾನಗಳಿಗೆ ಕೊಟ್ಟದ್ದಕ್ಕಂತೂ ಲೆಕ್ಕವಿಲ್ಲ. ತಂದೆ ಹುಟ್ಟಿದ ಊರಾದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರ ಅಂತ ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. 1827ರಲ್ಲಿ ಈ ಬೆಟ್ಟದ ಕೆಲಸ. 1829ರಲ್ಲಿ ಮೈಸೂರು ಕೋಟೆಯೊಳಗೆ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನ. ಮೇಲುಕೋಟೆಯ ಚೆಲುವನಾರಾಯಣನಿಗೆ ಇವರು ಮಾಡಿಸಿಕೊಟ್ಟ ಕಿರೀಟಕ್ಕೆ ಕೃಷ್ಣರಾಜಮುಡಿ ಎಂದೇ ಹೆಸರು.

ಆದರೆ ಖರ್ಚು ಬೆಳೆದ ಹಾಗೆ ಆಡಳಿತದ ಹಿಡಿತ ಸಡಿಲವಾಯಿತು. ದಿವಾನರುಗಳು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಕಂದಾಯ ವಸೂಲಿಗೆ ಶರತ್ತು ಪದ್ಧತಿ ಬಂತು. ಇಂತಿಷ್ಟು ಹಣ ಕೊಡುತ್ತೇನೆ ಅಂತ ಬರೆದುಕೊಟ್ಟ ಅಮಲ್ದಾರ, ಆ ಹಣ ಹುಟ್ಟಿಸುವುದಕ್ಕೆ ರೈತರನ್ನು ಹಿಂಡಿದರೆ ಕೇಳುವವರಿಲ್ಲ. ನಗರದ ಸೀಮೆಯಲ್ಲಿ, ಅಂದರೆ ಈಗಿನ ಶಿವಮೊಗ್ಗದ ಕಡೆ, ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಬೂದಿ ಬಸವಪ್ಪ ಎಂಬಾತ ಕೆಳದಿ ಅರಸರ ವಾರಸುದಾರ ತಾನೇ ಎಂದು ಹೇಳಿಕೊಂಡು ಮುಂದಾಳಾದ. ತರೀಕೆರೆ ಪಾಳೇಗಾರರೂ ಸೇರಿಕೊಂಡರು. 1830-31ರಲ್ಲಿ ದಂಗೆ ದೊಡ್ಡದಾಗಿ, ಕೊನೆಗೆ ಅಡಗಿಸುವುದಕ್ಕೆ ಕಂಪನಿಯ ದಂಡೇ ಬರಬೇಕಾಯಿತು. ದೊರೆಯ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಮುಚ್ಚಿ ಹೇಳಬಾರದು. ಆ ರೈತರ ಗೋಳು ನಿಜವಾದದ್ದೇ.

1831ರ ದಸರೆಯ ದಿನಗಳಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ರ ಪತ್ರ ಮೈಸೂರಿಗೆ ಬಂತು. ಆಡಳಿತವನ್ನು ಕಂಪನಿ ವಹಿಸಿಕೊಳ್ಳುತ್ತದೆ, ಇನ್ನು ರಾಜ್ಯವನ್ನು ಕಮಿಷನರುಗಳು ನಡೆಸುತ್ತಾರೆ ಎಂಬುದು ಅದರ ಸಾರಾಂಶ. ಪಟ್ಟದಾನೆ, ಸಿಂಹಾಸನ, ದರ್ಬಾರು ಎಲ್ಲಾ ಸಿದ್ಧವಿದ್ದ ಹೊತ್ತು. ಮಹಾರಾಜರು ಗಲಾಟೆ ಮಾಡಲಿಲ್ಲ, ದಂಡು ಕಟ್ಟಲಿಲ್ಲ. ಅಕ್ಟೋಬರ್ 19ರಂದು ಅಧಿಕಾರ ಬಿಟ್ಟುಕೊಟ್ಟರು. ಆಗ ಅವರಿಗೆ ಮೂವತ್ತೇಳು ವರ್ಷ. ಅವರ ಖರ್ಚಿಗೆ ವರ್ಷಕ್ಕೆ ಒಂದು ಲಕ್ಷ ಸ್ಟಾರ್ ವರಹ ಮತ್ತು ರಾಜ್ಯದ ನಿವ್ವಳ ಆದಾಯದಲ್ಲಿ ಐದರಲ್ಲೊಂದು ಪಾಲು ಅಂತ ನಿಗದಿಯಾಯಿತು. ಕಛೇರಿಗಳು ಬೆಂಗಳೂರಿಗೆ ಹೋದವು. ಮೈಸೂರಿನಲ್ಲಿ ಅರಮನೆ ಮತ್ತು ದೊರೆ ಮಾತ್ರ ಉಳಿದರು.

ಸೋಜಿಗವೆಂದರೆ, ಎರಡೇ ವರ್ಷದಲ್ಲಿ ಬೆಂಟಿಂಕ್‌ರಿಗೇ ತಾವು ಆತುರಪಟ್ಟೆವು ಅನ್ನಿಸಿತು. ದಂಗೆಯ ವಿಚಾರಣೆಗೆಂದು ನೇಮಿಸಿದ್ದ ಸಮಿತಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಆಡಳಿತದಲ್ಲಿ ತಪ್ಪುಗಳಿದ್ದದ್ದು ಹೌದು, ಆದರೆ ಮೊದಲು ಕಿವಿಗೆ ಬಿದ್ದಷ್ಟು ಕೆಟ್ಟದಾಗಿರಲಿಲ್ಲ ಎಂದು ಗೊತ್ತಾಯಿತು. ಯಾವ ಕಪ್ಪದ ಹಣದ ನೆಪದಲ್ಲಿ ಷರತ್ತನ್ನು ಚಲಾಯಿಸಿದ್ದರೋ ಆ ಹಣ ಬಾಕಿಯೇ ಬಿದ್ದಿರಲಿಲ್ಲ. ರಾಜ್ಯದ ಒಂದು ಭಾಗವನ್ನಾದರೂ ದೊರೆಗೆ ಹಿಂದಿರುಗಿಸೋಣ ಎಂದು ಬೆಂಟಿಂಕ್ ಲಂಡನ್ನಿಗೆ ಬರೆದರು. ಅಲ್ಲಿಯ ಡೈರೆಕ್ಟರುಗಳು ಒಪ್ಪಲಿಲ್ಲ. ಅಧಿಕಾರದ ಕೊನೆಗಾಲದಲ್ಲಿ ಬೆಂಟಿಂಕ್‌ರಿಗೂ ಈ ಮೈಸೂರಿನ ವಿಷಯ ಮನಸ್ಸನ್ನು ಚುಚ್ಚುತ್ತಿತ್ತು ಅಂತ ಕಾಣುತ್ತದೆ. 1835ರಲ್ಲಿ ಅವರು ಊರಿಗೆ ಹೊರಟುಹೋದರು, ಮೈಸೂರು ಹಾಗೇ ಉಳಿಯಿತು.

ಅಧಿಕಾರವಿಲ್ಲದ ದೊರೆ

ಮುಂದಿನ ಕಾಲವನ್ನು ಕೃಷ್ಣರಾಜರು ಹೇಗೆ ಕಳೆದರು ಎಂಬುದೇ ಅವರ ದೊಡ್ಡತನ. ಬೇರೆಯವರಾಗಿದ್ದರೆ ಕುಡಿತಕ್ಕೋ ಕೊರಗಿಗೋ ಬಿದ್ದು ಮುಗಿದುಹೋಗುತ್ತಿದ್ದರು. ಇವರು ಅರಮನೆಯನ್ನೇ ಒಂದು ವಿದ್ಯಾಶಾಲೆ ಮಾಡಿಬಿಟ್ಟರು. 1833ರಲ್ಲಿ ಮೈಸೂರಿನಲ್ಲಿ ರಾಜಾ ಫ್ರೀ ಸ್ಕೂಲ್ ಎಂಬ ಇಂಗ್ಲಿಷ್ ಶಾಲೆ ತೆರೆದರು. ಮುಂದೆ ಮಹಾರಾಜಾ ಕಾಲೇಜು ಆಗಿ ಬೆಳೆದದ್ದು ಅದೇ. 1843ರಲ್ಲಿ ಕ್ರೈಸ್ತರಿಗೆ ಚರ್ಚು ಕಟ್ಟಿಸಿಕೊಟ್ಟರು. ಈಗ ಸೇಂಟ್ ಫಿಲೋಮಿನಾ ಚರ್ಚು ಇರುವುದು ಆ ಜಾಗದಲ್ಲಿಯೇ. ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಇಟ್ಟು ಪುಸ್ತಕ ಅಚ್ಚು ಹಾಕಿಸಿದರು. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ತರಿಸಿದ ಕೃಷ್ಣರಾಜ ವಾಣೀವಿಲಾಸ ಇವರ ಆಶ್ರಯದ್ದು. ದೇವತಾ ಮೂರ್ತಿಗಳ ಲಕ್ಷಣವನ್ನು ಬಣ್ಣದ ಚಿತ್ರಗಳ ಸಮೇತ ತಿಳಿಸುವ ಶ್ರೀತತ್ತ್ವನಿಧಿ ಒಂಬತ್ತು ನಿಧಿಗಳ ದೊಡ್ಡ ಗ್ರಂಥ. ಅದರಲ್ಲಿ ಮೊದಲನೆಯದು ಶಕ್ತಿನಿಧಿ, ಕೊನೆಯದು ಕೌತುಕ ನಿಧಿ. ಆ ಕೌತುಕ ನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಈಗ ಹೊರದೇಶದಿಂದ ಮೈಸೂರಿಗೆ ಯೋಗ ಕಲಿಯಲು ಬರುವವರು ಆ ಚಿತ್ರಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಪಂಡಿತರು ಇವರನ್ನು ಅಭಿನವ ಭೋಜ ಎಂದು ಕರೆದದ್ದು ಬರೀ ಹೊಗಳಿಕೆ ಅಲ್ಲ.

ಆಟಗಳ ಮೇಲೆ ದೊರೆಗೆ ವಿಪರೀತ ಪ್ರೀತಿ. ಚದುರಂಗದ ಕುದುರೆಯನ್ನು ಯಾವ ಮನೆಗೂ ಎರಡು ಸಲ ಹೋಗದಂತೆ ಎಲ್ಲ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸುವ ಲೆಕ್ಕಗಳನ್ನು ತಾವೇ ಕೂತು ಬಿಡಿಸುತ್ತಿದ್ದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದರು. ಅವುಗಳಲ್ಲಿ ಚಾಮುಂಡೇಶ್ವರಿ ಛದ್‌ಗೆ 320 ಎಲೆಗಳು! ಆಟದಲ್ಲೂ ಅಮ್ಮನವರ ಹೆಸರು ಬಿಡಲಿಲ್ಲ ನೋಡಿ. ಅವರ ಹೆಸರಿನಲ್ಲಿರುವ ಕೀರ್ತನೆಗಳಲ್ಲಿಯೂ ಚಾಮುಂಡಿ ಎಂಬುದೇ ಅಂಕಿತ.

ಹಣ ಸಾಲದೆ ಸಾಲ ಬೆಳೆಯಿತು. ಕೊಡುವ ಕೈ ಮಾತ್ರ ಚಿಕ್ಕದಾಗಲಿಲ್ಲ. ಅದು ಗುಣವೂ ಹೌದು, ದೋಷವೂ ಹೌದು.

ಅತ್ತ ಬೆಂಗಳೂರಿನಲ್ಲಿ 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿ ರಾಜ್ಯ ನಡೆಸಿದರು. 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಿದರು, ರಸ್ತೆ ಹಾಕಿಸಿದರು. ಒಳ್ಳೆಯ ಆಡಳಿತಗಾರರೇ. ಆದರೆ ಅವರು ಚೆನ್ನಾಗಿ ನಡೆಸಿದಷ್ಟೂ ದೊರೆಗೆ ರಾಜ್ಯ ಹಿಂದಕ್ಕೆ ಕೊಡುವ ಅಗತ್ಯವೇನು ಎಂಬ ಮಾತು ಬಲವಾಗುತ್ತಾ ಹೋಯಿತು. ಮಹಾರಾಜರು 1844ರಲ್ಲಿ ಹಾರ್ಡಿಂಜ್‌ರಿಗೆ ಬರೆದುಕೊಂಡರು. 1848ರಲ್ಲಿ ಡಾಲ್‌ಹೌಸಿಗೆ ಬರೆದುಕೊಂಡರು. ಫಲವಿಲ್ಲ.

ಡಾಲ್‌ಹೌಸಿಯ ಕಾಲದಲ್ಲಂತೂ ಔರಸ ಪುತ್ರನಿಲ್ಲದ ದೊರೆ ತೀರಿಕೊಂಡರೆ ಆ ಸಂಸ್ಥಾನವೇ ಕಂಪನಿಗೆ ಸೇರುತ್ತದೆ ಎಂಬ ನೀತಿ ಬಂತು. 1848ರಲ್ಲಿ ಸತಾರಾ ಹೋಯಿತು, 1853ರಲ್ಲಿ ಝಾನ್ಸಿ, 1854ರಲ್ಲಿ ನಾಗಪುರ. ಪಕ್ಕದ ಕೊಡಗು 1834ರಲ್ಲಿಯೇ ಹೋಗಿತ್ತು. ಕೃಷ್ಣರಾಜರಿಗೆ ಪಟ್ಟಕ್ಕೆ ಬರತಕ್ಕ ಗಂಡು ಸಂತಾನ ಇರಲಿಲ್ಲ. ತಲಕಾಡಿನ ಅಲಮೇಲಮ್ಮನ ಶಾಪ ಎಂದು ಜನ ಮಾತಾಡಿಕೊಳ್ಳುವುದು ಇದನ್ನೇ. ಶಾಪವೋ ವಿಧಿಯೋ, ಮೈಸೂರಿನ ಮುಂದಿನ ಪಾಡು ಏನಾಗುತ್ತದೆಂದು ಯಾರು ಬೇಕಾದರೂ ಎಣಿಸಬಹುದಾಗಿತ್ತು. ದೊರೆಯ ಉಸಿರು ಇರುವವರೆಗೆ ಮೈಸೂರು. ಉಸಿರು ನಿಂತ ದಿನ ಅದೊಂದು ಇಂಗ್ಲಿಷ್ ಜಿಲ್ಲೆ.

ಕೊನೆಯ ಏಳು ವರ್ಷ

1857ರ ದಂಗೆಯಲ್ಲಿ ಮೈಸೂರು ಶಾಂತವಾಗಿತ್ತು. ಮಹಾರಾಜರು ಇಂಗ್ಲಿಷರಿಗೆ ನೆರವಾದರು, ಗವರ್ನರ್ ಜನರಲ್ ಕ್ಯಾನಿಂಗ್ ವಂದನೆ ಹೇಳಿ ಪತ್ರ ಬರೆದರು. ಇನ್ನಾದರೂ ಕಣ್ಣು ತೆರೆಯಬಹುದೆಂದು ದೊರೆ ನಂಬಿದ್ದರು. ನಡೆದದ್ದೇ ಬೇರೆ. ಭಾರತದ ರಾಜರಿಗೆಲ್ಲ ದತ್ತು ತೆಗೆದುಕೊಳ್ಳುವ ಹಕ್ಕಿನ ಸನ್ನದುಗಳು ಹಂಚಿಕೆಯಾದಾಗ ಮೈಸೂರಿಗೆ ಮಾತ್ರ ಬರಲಿಲ್ಲ. ಕಾರಣ ಕೇಳಿದರೆ, ಮಹಾರಾಜರು ತಮ್ಮ ನಂತರ ರಾಜ್ಯವನ್ನು ಇಂಗ್ಲಿಷರಿಗೇ ಬಿಟ್ಟುಹೋಗಲು ಇಷ್ಟಪಟ್ಟಿದ್ದಾರೆ ಎಂದು ಕ್ಯಾನಿಂಗ್ ತಿಳಿದಿದ್ದರು! ತಾವು ಯಾವತ್ತೂ ಅಂಥ ಮಾತು ಆಡಿಲ್ಲವೆಂದು ಮಹಾರಾಜರು ಖಡಾಖಂಡಿತವಾಗಿ ಅಲ್ಲಗಳೆದರು.

ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವಹಿಸುವ ಹುನ್ನಾರ 1860ರಲ್ಲಿ ನಡೆಯಿತು. ಮಹಾರಾಜರು ವಿರೋಧಿಸಿದರು, ಕಬ್ಬನ್‌ರಿಗೂ ಅದು ಬೇಡವಾಗಿತ್ತು. ಆ ಹುಕುಂ ನಿಂತಿತು. ಮರುವರ್ಷ ಕಬ್ಬನ್ ಕೆಲಸ ಬಿಟ್ಟು ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು.

1861ರಲ್ಲಿ ಅರವತ್ತಾರು ವಯಸ್ಸಿನ ದೊರೆ ತಮ್ಮ ಹಕ್ಕನ್ನೆಲ್ಲ ವಿವರಿಸಿ ಕ್ಯಾನಿಂಗ್‌ರಿಗೆ ದೊಡ್ಡ ಖರೀತೆ ಕಳಿಸಿದರು. ಅದಕ್ಕೆ 1862ರಲ್ಲಿ ಬಂದ ಉತ್ತರ, ಆಗುವುದಿಲ್ಲ ಎಂದು. ಕ್ಯಾನಿಂಗ್ ಇಂಗ್ಲೆಂಡಿಗೆ ಮರಳಿ ಅದೇ ವರ್ಷ ಕಾಲವಾದರು. ನಂತರ ಬಂದ ಎಲ್ಗಿನ್‌ರಿಗೆ ಬರೆದರು. ಎಲ್ಗಿನ್ 1863ರ ನವೆಂಬರಿನಲ್ಲಿ ಧರ್ಮಶಾಲೆಯಲ್ಲಿ ತೀರಿಕೊಂಡರು. ಆಮೇಲೆ ಬಂದವರು ಜಾನ್ ಲಾರೆನ್ಸ್. ಅವರಂತೂ ಎಲ್ಲರಿಗಿಂತ ಬಿಗಿ. ಡಾಲ್‌ಹೌಸಿ ಮೊದಲೇ, 1860ರಲ್ಲೇ ಹೋಗಿದ್ದರು. ಒಬ್ಬೊಬ್ಬರಾಗಿ ಅಧಿಕಾರಿಗಳು ಬಂದರು, ಇಲ್ಲವೆಂದರು, ಹೋದರು. ಮುದಿ ದೊರೆ ಮಾತ್ರ ಅದೇ ಅರ್ಜಿಯನ್ನು ಮತ್ತೆ ಬರೆಸುತ್ತಾ ಕೂತಿದ್ದರು.

ಆ ವರ್ಷಗಳಲ್ಲಿ ಮೈಸೂರಿನಲ್ಲಿ ಅವರು ಮಾಡಿಸಿದ ಕೆಲಸಗಳನ್ನು ನೋಡಿದರೆ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಗುತ್ತೆ. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿದರು. ಅದರ ಗೋಡೆಗಳ ಮೇಲೆ ಮೈಸೂರು ಅರಸರ ವಂಶಾವಳಿಯ ಚಿತ್ರಗಳನ್ನು ಬರೆಸಿದರು. ಸಂತಾನಾಂಬುಜ ಎಂಬ ಚಿತ್ರದಲ್ಲಿ ದೊಡ್ಡ ತಾವರೆಯ ನಡುವೆ ದೊರೆ, ಸುತ್ತಲಿನ ಎಸಳುಗಳಲ್ಲಿ ಅವರ ಸಂಸಾರ. ಅರಮನೆಯ ಕರಣಿಕರನ್ನು ಕೂರಿಸಿ ಮನೆತನದ ಚರಿತ್ರೆಯನ್ನು ಬರೆಸಿದ್ದೂ ಕೊನೆಗಾಲದಲ್ಲಿಯೇ. ಇಲ್ಲಿಯ ವಿಗ್ರಹದಂಥ ವಿಗ್ರಹಗಳು ನಂಜನಗೂಡು, ಚಾಮರಾಜನಗರ, ಕೋಟೆಯೊಳಗಿನ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನ, ಅಲ್ಲೆಲ್ಲ ಇವೆ. ಕೆಲವರು ಇದನ್ನು ದೊರೆಯ ಹೆಸರಿನ ಆಸೆ ಅನ್ನುತ್ತಾರೆ. ಆಸೆ ಇದ್ದಿರಬಹುದು. ಅಧಿಕಾರ ಇರುವವರಿಗೆ ಕೊನೆಗಾಲದಲ್ಲಿ ಹೆಸರಿನ ಚಿಂತೆ ಹತ್ತುವುದು ಎಲ್ಲ ಕಾಲದಲ್ಲೂ ಇದೆ. ಆದರೆ ಈ ವಿಗ್ರಹದಲ್ಲಿ ಕೈಯಲ್ಲಿ ಕತ್ತಿಯಿಲ್ಲ, ಸಿಂಹಾಸನವಿಲ್ಲ. ಕೈಮುಗಿದ ಭಕ್ತನಾಗಿಯೇ ನಿಲ್ಲಿಸಿದ್ದಾರೆ. ಹೆಸರು ಬೇಕಿದ್ದವರು ಹೀಗೂ ನಿಲ್ಲಬಹುದು ಅಂತ ಇಲ್ಲಿ ನೋಡಬೇಕು.

1865ರ ಜೂನ್ 18ರಂದು ಮಹಾರಾಜರು ಒಂದು ದಿಟ್ಟ ಕೆಲಸ ಮಾಡಿದರು. ಸರ್ಕಾರದ ಒಪ್ಪಿಗೆಗೆ ಇನ್ನು ಕಾಯದೆ, ಬೆಟ್ಟದಕೋಟೆ ಅರಸು ಮನೆತನದ ಚಿಕ್ಕಕೃಷ್ಣರಾಜ ಅರಸಿನವರ ಮಗನನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡು ಚಾಮರಾಜೇಂದ್ರ ಒಡೆಯರು ಎಂದು ಹೆಸರಿಟ್ಟರು. ಮಗುವಿಗೆ ಎರಡು ವರ್ಷ ದಾಟಿತ್ತು, ತಂದೆಗೆ ಎಪ್ಪತ್ತೊಂದು ತುಂಬುತ್ತಿತ್ತು. ಲಾರೆನ್ಸ್ ಇದನ್ನು ಅಂಗೀಕರಿಸಲಿಲ್ಲ. ದತ್ತು ಮಗ ಮಹಾರಾಜರ ಸ್ವಂತ ಆಸ್ತಿಗೆ ವಾರಸುದಾರ ಆಗಬಹುದು, ರಾಜ್ಯಕ್ಕೆ ಅಲ್ಲ ಎಂದರು. ಲಂಡನ್ನಿನ ಮಂತ್ರಿ ಚಾರ್ಲ್ಸ್ ವುಡ್‌ರ ಅಭಿಪ್ರಾಯವೂ ಅದೇ ಆಯಿತು. ಅಂದರೆ ಒಡವೆ, ಪಾತ್ರೆ, ಮನೆ ಮಗುವಿಗೆ, ಮೈಸೂರು ಇಂಗ್ಲಿಷರಿಗೆ.

ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಮಹಾರಾಜರು ಅಂದುಕೊಳ್ಳಲಿಲ್ಲ. ಕಲ್ಕತ್ತೆಯ ಬಾಗಿಲು ಮುಚ್ಚಿದರೆ ಲಂಡನ್ನಿನ ಬಾಗಿಲು ತಟ್ಟೋಣ ಅಂತ ತಮ್ಮ ವೈದ್ಯರಾದ ಡಾಕ್ಟರ್ ಕ್ಯಾಂಪ್‌ಬೆಲ್‌ರನ್ನು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ನ್ಯಾಯವಂತರಾದ ಇಂಗ್ಲಿಷರು ಕೆಲವರು ಮೈಸೂರಿನ ಪರವಾಗಿ ನಿಂತರು. ಮೇಜರ್ ಇವಾನ್ಸ್ ಬೆಲ್ ಎಂಬುವರು 1865ರಲ್ಲಿ ಮೈಸೂರಿನ ಹಕ್ಕಿನ ಬಗ್ಗೆ ಪುಸ್ತಕವನ್ನೇ ಬರೆದು ಹಂಚಿದರು. ಹೆಸರಾಂತ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಆಗ ಪಾರ್ಲಿಮೆಂಟಿನ ಸದಸ್ಯರು. ಅವರೂ ಮೈಸೂರಿನ ಮನವಿಗೆ ದನಿಗೂಡಿಸಿದರು. ಇವರು ಯಾರೂ ಮೈಸೂರನ್ನು ಕಂಡವರ ಲೆಕ್ಕಕ್ಕೆ ಮಾತಾಡಲಿಲ್ಲ. ಕೊಟ್ಟ ಮಾತನ್ನು ಇಂಗ್ಲೆಂಡ್ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಅವರ ಪ್ರಶ್ನೆಯಾಗಿತ್ತು.

1866ರಲ್ಲಿ ಇಂಗ್ಲೆಂಡಿನಲ್ಲಿ ಮಂತ್ರಿಮಂಡಲ ಬದಲಾಯಿತು. ಹೊಸಬರಾಗಿ ಬಂದ ಕ್ರ್ಯಾನ್‌ಬೋರ್ನ್ ಮತ್ತು ಅವರ ನಂತರದ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಮೈಸೂರಿನ ಕಡತವನ್ನು ಮತ್ತೆ ತೆಗೆದರು. 1867ರ ಏಪ್ರಿಲ್ 16ರಂದು ನಾರ್ತ್‌ಕೋಟ್ ಲಂಡನ್ನಿನಿಂದ ಅಪ್ಪಣೆ ಕಳಿಸಿದರು. ಮಹಾರಾಜರ ದತ್ತು ಪುತ್ರನೇ ಮೈಸೂರಿನ ಮುಂದಿನ ದೊರೆ. ಅವನಿಗೆ ಒಳ್ಳೆಯ ವಿದ್ಯಾಭ್ಯಾಸ ಕೊಡಿಸಿ, ವಯಸ್ಸಿಗೆ ಬಂದು ಯೋಗ್ಯನೆಂದು ಕಂಡ ಮೇಲೆ ರಾಜ್ಯವನ್ನು ಅವನ ಕೈಗೆ ಒಪ್ಪಿಸತಕ್ಕದ್ದು.

ಕೃಷ್ಣರಾಜರಿಗೆ ಅಧಿಕಾರ ವಾಪಸು ಬರಲಿಲ್ಲ ಎಂಬುದನ್ನು ಗಮನಿಸಬೇಕು. ಮೂವತ್ತಾರು ವರ್ಷ ಹೋರಾಡಿ ಅವರಿಗೆ ಸಿಕ್ಕಿದ್ದು ತಮಗಲ್ಲ, ತಮ್ಮ ನಂತರದವರಿಗೆ. ಮೊದಮೊದಲು ಅವರು ಬರೆದ ಅರ್ಜಿಗಳಲ್ಲಿ ಕೇಳಿದ್ದು ತಮ್ಮ ಅಧಿಕಾರವನ್ನು. ವಯಸ್ಸಾದ ಹಾಗೆ ಕೇಳಿಕೆಯ ತೂಕ ಮಗುವಿನ ಕಡೆಗೆ, ರಾಜ್ಯದ ಕಡೆಗೆ ವಾಲಿತು. ಹಾಗೆ ವಾಲದೇ ಇದ್ದಿದ್ದರೆ ಬಹುಶಃ ಏನೂ ಸಿಗುತ್ತಿರಲಿಲ್ಲ.

ಆ ಸುದ್ದಿ ಬಂದ ಮೇಲೆ ಅವರು ಒಂದು ವರ್ಷವೂ ಪೂರ್ತಿ ಬದುಕಲಿಲ್ಲ. 1868ರ ಮಾರ್ಚ್ 27ರಂದು ಮೈಸೂರಿನಲ್ಲಿ ಕಾಲವಾದರು. ಎಪ್ಪತ್ನಾಲ್ಕನೇ ವರ್ಷ ನಡೆಯುತ್ತಿತ್ತು. ಅದೇ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. ಅವರಿಗೂ ಆಗ ಐದೇ ವರ್ಷ. 1799ರಲ್ಲಿ ಚಪ್ಪರದಡಿ ಕೂತಿದ್ದ ಬಾಲಕನ ವಯಸ್ಸೂ ಅಷ್ಟೇ ಆಗಿತ್ತು.

ನಂತರದ ಸಂಗತಿಗಳು

ಚಾಮರಾಜೇಂದ್ರರು ಹದಿನೆಂಟು ತುಂಬುವ ತನಕ ಇಂಗ್ಲಿಷ್ ಕಮಿಷನರುಗಳೇ ಆಡಳಿತ ಮಾಡಿದರು. 1876ರಿಂದ 78ರವರೆಗೆ ಬಿದ್ದ ದೊಡ್ಡ ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಸತ್ತರು, ಖಜಾನೆ ಬರಿದಾಗಿ ಸಾಲವಾಯಿತು. ಆದರೂ ಕೊಟ್ಟ ಮಾತಿನಂತೆ 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರರಿಗೆ ಒಪ್ಪಿಸಿದರು. ಕೃಷ್ಣರಾಜರು ತೀರಿಕೊಂಡು ಹದಿಮೂರು ವರ್ಷಕ್ಕೆ ಎರಡು ದಿನ ಕಡಿಮೆ. ಅದೇ ವರ್ಷದ ದಸರೆಗೆ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 1831ರಲ್ಲಿ ಅಧಿಕಾರ ಹೋದದ್ದೂ ದಸರೆಯ ಕಾಲದಲ್ಲಿ, ಐವತ್ತು ವರ್ಷದ ಮೇಲೆ ರೈತರೂ ವರ್ತಕರೂ ದೊರೆಯ ಸಭೆಯಲ್ಲಿ ಬಂದು ಕೂತದ್ದೂ ದಸರೆಯ ಕಾಲದಲ್ಲಿ. ನಗರದ ಸೀಮೆಯವರು ಕೂಟ ಕಟ್ಟಿ ಕೇಳಬೇಕಾಗಿದ್ದ ಮಾತನ್ನು ಇನ್ನು ಮುಂದೆ ಸಭೆಯಲ್ಲಿ ನಿಂತು ಹೇಳಬಹುದಾಯಿತು.

ಚಾಮರಾಜೇಂದ್ರರ ಮಗನೇ ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ ಎಲ್ಲಾ ಅವರ ಕಾಲದ್ದು ಎಂಬುದು ಭಕ್ತಾದಿಗಳಿಗೆ ತಿಳಿದದ್ದೇ. 1867ರಲ್ಲಿ ಲಂಡನ್ನಿನ ಆ ಒಂದು ಅಪ್ಪಣೆ ಬರದೇ ಇದ್ದಿದ್ದರೆ ಇವು ಯಾವುವೂ ಈ ರೀತಿ ಇರುತ್ತಿರಲಿಲ್ಲ.

ಕೃಷ್ಣರಾಜರು ಬದುಕಿದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಇವತ್ತು ಭಕ್ತಾದಿಗಳು ಮೈಸೂರಿನಲ್ಲಿ ನೋಡುವ ಅರಮನೆ ಅದರ ಜಾಗದಲ್ಲಿ ನಂತರ ಕಟ್ಟಿದ್ದು. ಅವರ ಕಾಲದ ಚಿತ್ರಗಳನ್ನು ನೋಡಬೇಕೆನ್ನುವವರು ಜಗನ್ಮೋಹನ ಅರಮನೆಗೆ ಹೋಗಬೇಕು. ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನ ಅರಮನೆಯ ಆವರಣದೊಳಗೇ ಇದೆ. ನಂಜನಗೂಡಿಗೂ ಚಾಮರಾಜನಗರಕ್ಕೂ ಮೈಸೂರಿನಿಂದ ಬಸ್ಸು, ರೈಲು ಎರಡೂ ಇವೆ.

ಈ ಬೆಟ್ಟದಲ್ಲಿ ಆಷಾಢ ಶುಕ್ರವಾರಗಳಂದು ಮತ್ತು ದಸರೆಯ ದಿನಗಳಲ್ಲಿ ದೇವಾಲಯದ ಒಳಗೆ ನಿಂತು ನೋಡಲು ಅವಕಾಶ ಸಿಗುವುದು ಕಷ್ಟ. ಮಹಾರಾಜರ ಮತ್ತು ರಾಣಿಯರ ವಿಗ್ರಹಗಳನ್ನೂ ಪೀಠದ ಮೇಲಿನ ಹೆಸರುಗಳನ್ನೂ ನಿಧಾನವಾಗಿ ನೋಡಬೇಕೆನ್ನುವ ಭಕ್ತಾದಿಗಳು ಉಳಿದ ದಿನಗಳಲ್ಲಿ ಬೆಳಿಗ್ಗೆ ಬೇಗ ಬಂದರೆ ಅನುಕೂಲ. ಅಮ್ಮನವರ ದರ್ಶನ ಮಾಡಿಕೊಂಡು ನಂತರ ಸರದಿಗೆ ಅಡ್ಡಿಯಾಗದಂತೆ ಪಕ್ಕಕ್ಕೆ ನಿಂತು ನೋಡಬಹುದು. ವಿಗ್ರಹಗಳಿಗೆ ಕುಂಕುಮ ಹಚ್ಚುವುದು, ಕಾಸು ಅಂಟಿಸುವುದು ಮಾಡಬಾರದು.